‘ಏನರ ಒಂದ್ ಕೆಲಸ ಕೊಡಸ್ರಿ’: ಬೆಳಗಾವಿ ಸೀಮೆಯಲ್ಲಿ ಉದ್ಯೋಗ ಸಲಹೆಗಾರರಾಗಿ ಕೆಲಸ ಮಾಡುವ ಬಗೆ

ಬೆಳಗಾವಿಯಲ್ಲಿ ನನ್ನ ಮೇಜಿನ ಮುಂದೆ ಬಂದು ಕೂರುವವರಲ್ಲಿ ಹೆಚ್ಚಿನವರು ಮೊದಲು ಹೇಳುವ ಮಾತು ಒಂದೇ: ‘ಏನರ ಒಂದ್ ಕೆಲಸ ಕೊಡಸ್ರಿ ಸರ.’ ಉದ್ಯೋಗ ಸಲಹೆಗಾರರಾಗಿ ಈ ಕ್ಷೇತ್ರಕ್ಕೆ ಬರಬಯಸುವವರು ಆ ‘ಏನರ’ ಎಂಬ ಒಂದು ಪದವನ್ನು ಗಮನವಿಟ್ಟು ಕೇಳಿಸಿಕೊಳ್ಳಬೇಕು. ಮನೆಯ ಮೇಲಿನ ಸೊಸೈಟಿ ಸಾಲ, ಎರಡು ಸಲ ತಪ್ಪಿದ ಪರೀಕ್ಷೆ, ಓರಗೆಯವರೆಲ್ಲ ಪುಣೆಗೋ ಗೋವೆಗೋ ಹೋದ ಮೇಲೆ ಊರಿನ ಕಟ್ಟೆಯ ಮೇಲೆ ಒಬ್ಬನೇ ಕೂರುವ ಸಂಕೋಚ, ಇವೆಲ್ಲವೂ ಆ ಪದದೊಳಗೆ ಮುದುಡಿಕೊಂಡಿರುತ್ತವೆ. ಅದನ್ನು ಅಕ್ಷರಶಃ ತೆಗೆದುಕೊಂಡು, ಅಂದು ಕೈಯಲ್ಲಿರುವ ಯಾವುದೋ ಖಾಲಿ ಹುದ್ದೆಗೆ ಆ ಹುಡುಗನನ್ನು ಕಳಿಸಿಬಿಟ್ಟರೆ, ಎರಡು ವಾರದಲ್ಲಿ ಅವನು ಮರಳಿ ಮನೆಯಲ್ಲಿರುತ್ತಾನೆ, ಮತ್ತು ಆ ಕಾರ್ಖಾನೆಯವರು ನಮ್ಮ ಫೋನನ್ನು ಎತ್ತುವುದು ನಿಲ್ಲಿಸುತ್ತಾರೆ. ಆದ್ದರಿಂದ ‘ಏನರ’ ಎಂದು ಬಂದವರು ‘ಇಂಥದ್ದು’ ಎಂದು ಹೇಳುವಂತಾಗುವವರೆಗೆ ಜೊತೆಗಿರುವುದೇ ಈ ಉದ್ಯೋಗದ ತಿರುಳು ಎಂದು ತಿಳಿದು ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ವೈದ್ಯರಿಗೋ ವಕೀಲರಿಗೋ ಇರುವಂಥ ಪರವಾನಗಿ ನಮ್ಮಲ್ಲಿಲ್ಲ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಸಂಸ್ಥೆಗಳು ಮೊದಲು ಕರೆಯುತ್ತವೆ. ಶಾಲೆಯ ಮಕ್ಕಳೊಡನೆ ಕೆಲಸ ಮಾಡಬಯಸುವವರಿಗೆ ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಉಪಯುಕ್ತ. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಪ್ಲೇಸ್‌ಮೆಂಟ್ ವಿಭಾಗ, ಕೌಶಲ ತರಬೇತಿ ಕೇಂದ್ರಗಳು, ಸ್ವಯಂಸೇವಾ ಸಂಸ್ಥೆಗಳು, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗಳು ನಡೆಸುವ ಉದ್ಯೋಗ ಮೇಳಗಳು, ಇವು ನಮ್ಮ ಕಾರ್ಯಕ್ಷೇತ್ರ. ಪರವಾನಗಿ ಇಲ್ಲ ಎಂಬ ಕಾರಣಕ್ಕೇ ನಮ್ಮ ಮೇಲೆ ಹೆಚ್ಚಿನ ಹೊಣೆಯಿದೆ. ಯಾರು ಬೇಕಾದರೂ ನಾಮಫಲಕ ಹಾಕಿಕೊಳ್ಳಬಹುದಾದ ಕಡೆ ನಮ್ಮ ನಡತೆಯೇ ನಮ್ಮ ಪ್ರಮಾಣಪತ್ರವಾಗುತ್ತದೆ.

ಮೊದಲ ಭೇಟಿ

ನಮ್ಮ ಭಾಗದಲ್ಲಿ ಕೆಲಸ ಕೇಳಲು ಒಬ್ಬರೇ ಬರುವುದು ಕಡಿಮೆ. ಅಪ್ಪ, ಕಾಕಾ ಅಥವಾ ಸೋದರಮಾವ ಜೊತೆಗಿರುತ್ತಾರೆ, ಮತ್ತು ಮಾತನಾಡುವವರೂ ಅವರೇ ಆಗಿರುತ್ತಾರೆ. ಅವರನ್ನು ಬಾಗಿಲ ಹೊರಗೆ ನಿಲ್ಲಿಸಿ ಹುಡುಗನನ್ನು ಮಾತ್ರ ಒಳಗೆ ಕರೆಯುವುದು ಪಠ್ಯಪುಸ್ತಕದ ದೃಷ್ಟಿಯಿಂದ ಸರಿಯಿರಬಹುದು, ಆದರೆ ಹಿರಿಯರಿಗೆ ಆಗುವ ಅವಮಾನದಿಂದ ಸಂಬಂಧ ಅಲ್ಲಿಗೇ ಮುರಿಯುತ್ತದೆ. ಮೊದಲು ಹಿರಿಯರಿಗೆ ಕುರ್ಚಿ, ನೀರು ಕೊಟ್ಟು, ಊರು, ಹೊಲ, ಈ ವರ್ಷದ ಮಳೆ ಬೆಳೆಯ ವಿಚಾರ ಕೇಳಿ, ಅವರ ಮಾತು ಮುಗಿಯುವವರೆಗೆ ಕಾಯಬೇಕು. ಅನಂತರ, ‘ಯಜಮಾನ್ರ, ಹುಡುಗನ ಕೂಡ ಒಂದ್ಹತ್ತು ನಿಮಿಷ ಮಾತಾಡ್ತೀನಿ, ನೀವು ಅಲ್ಲಿ ಆರಾಮ ಕುಂದರ್ರಿ’ ಎಂದರೆ ಬೇಡವೆನ್ನುವವರನ್ನು ನಾನು ಕಂಡಿಲ್ಲ.

ಒಬ್ಬರೇ ಸಿಕ್ಕಾಗ ‘ನಿನ್ನ ಗುರಿ ಏನು?’ ಎಂದು ಕೇಳಬಾರದು. ಆ ಪ್ರಶ್ನೆಗೆ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಕಲಿತ ಉತ್ತರ ಬರುತ್ತದೆ, ಇಲ್ಲವೇ ಮೌನ ಬರುತ್ತದೆ. ನಾನು ಕೇಳುವುದು, ‘ನಿನ್ನೆ ಮುಂಜಾನೆ ಎದ್ದಾಗಿಂದ ಸಂಜೆ ತನಕ ಏನೇನ್ ಮಾಡಿದಿ, ಹೇಳು’ ಎಂದು. ಸವದತ್ತಿ ತಾಲ್ಲೂಕಿನಿಂದ ಬಂದ ಒಬ್ಬ ಹುಡುಗ ಈ ಪ್ರಶ್ನೆಗೆ ‘ಏನೂ ಮಾಡಿಲ್ಲ ಸರ, ಖಾಲಿ ಇದ್ದೆ’ ಎಂದ. ಗಂಟೆಗಂಟೆಯ ಲೆಕ್ಕ ಕೇಳುತ್ತ ಹೋದಾಗ, ಅವನು ಬೆಳಿಗ್ಗೆ ಪಕ್ಕದ ಹೊಲದವರ ಬೋರ್‌ವೆಲ್ಲಿನ ಸ್ಟಾರ್ಟರ್ ರಿಪೇರಿ ಮಾಡಿದ್ದ, ಮಧ್ಯಾಹ್ನ ಸುಟ್ಟ ಮೋಟಾರನ್ನು ಪೇಟೆಗೆ ಒಯ್ದು ರಿವೈಂಡಿಂಗ್ ಮಾಡುವವರ ಪಕ್ಕ ಮೂರು ತಾಸು ಕುಳಿತು ನೋಡಿದ್ದ, ಸಂಜೆ ಅದನ್ನು ತಂದು ಬಿಗಿದು ನೀರು ಬರುವಂತೆ ಮಾಡಿದ್ದ. ದುಡ್ಡು ಸಿಗದಿದ್ದುದರಿಂದ ಅವನ ಲೆಕ್ಕದಲ್ಲಿ ಅದು ಕೆಲಸವೇ ಆಗಿರಲಿಲ್ಲ. ಬೈಲಹೊಂಗಲ ಕಡೆಯ ಒಬ್ಬ ಹೆಣ್ಣುಮಗಳು ತನಗೆ ಅಡುಗೆ ಬಿಟ್ಟು ಬೇರೇನೂ ಬಾರದು ಎಂದಿದ್ದಳು. ನಾಲ್ಕು ವರ್ಷದಿಂದ ಸ್ವಸಹಾಯ ಸಂಘದ ಉಳಿತಾಯ, ಸಾಲ, ಬಡ್ಡಿಯ ಪುಸ್ತಕವನ್ನು ಒಂದು ರೂಪಾಯಿಯೂ ತಪ್ಪದಂತೆ ಬರೆದವಳು ಅವಳೇ ಎಂಬುದು ಅವಳ ಅತ್ತೆಯ ಬಾಯಿಂದ ತಿಳಿಯಿತು. ಇಂಥ ಸಂಗತಿಗಳು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ಬಂದವರು ಯಾವುದನ್ನು ಕೆಲಸವೆಂದೇ ಎಣಿಸುವುದಿಲ್ಲವೋ ಅದನ್ನೇ ಹುಡುಕಬೇಕು.

1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರವನ್ನು ಆರಂಭಿಸಿದ ಫ್ರಾಂಕ್ ಪಾರ್ಸನ್ಸ್ ಈ ಕೆಲಸಕ್ಕೆ ಮೂರು ಹೆಜ್ಜೆಗಳನ್ನು ಹಾಕಿಕೊಟ್ಟರು: ವ್ಯಕ್ತಿಯನ್ನು ಅರಿಯುವುದು, ಉದ್ಯೋಗವನ್ನು ಅರಿಯುವುದು, ಇವೆರಡರ ಹೊಂದಾಣಿಕೆಯನ್ನು ವಿವೇಚಿಸುವುದು. ನೂರು ವರ್ಷ ದಾಟಿದರೂ ಆ ಚೌಕಟ್ಟು ಗಟ್ಟಿಯಾಗಿದೆ. ನಮ್ಮ ಸೀಮೆಯಲ್ಲಿ ಅದಕ್ಕೆ ನಾಲ್ಕನೆಯದೊಂದನ್ನು ಸೇರಿಸದೆ ಗತಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಮನೆಯನ್ನು ಅರಿಯುವುದು. ಎಷ್ಟು ಎಕರೆ, ನೀರಾವರಿಯೋ ಒಣಬೇಸಾಯವೋ, ದನಕರುಗಳನ್ನು ಯಾರು ನೋಡಿಕೊಳ್ಳುತ್ತಾರೆ, ಸುಗ್ಗಿಗೆ ಈ ಹುಡುಗ ಮನೆಯಲ್ಲಿರಲೇಬೇಕೆ, ಅಣ್ಣ ಎಲ್ಲಿದ್ದಾನೆ ಎಂಬುದು ತಿಳಿಯದೆ ಕೊಟ್ಟ ಸಲಹೆ ಮನೆಯ ಹೊಸ್ತಿಲು ದಾಟುವುದಿಲ್ಲ.

ಆಸಕ್ತಿ ಪರೀಕ್ಷೆ, ಅಭಿಕ್ಷಮತೆ ಪರೀಕ್ಷೆಗಳ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಸಿದ್ಧವಾದ ಪ್ರಶ್ನಾವಳಿಯನ್ನು ಎದುರಿಗಿಟ್ಟು ಗುರುತು ಹಾಕಿಸಿದರೆ ಅಲ್ಲಿ ಅಳೆಯಲ್ಪಡುವುದು ಇಂಗ್ಲಿಷ್ ಓದುವ ಶಕ್ತಿ ಮಾತ್ರ. ಬಳಸುವುದಾದರೆ ಕನ್ನಡದಲ್ಲಿ, ಗಡಿಭಾಗದ ಮಕ್ಕಳಿಗೆ ಮರಾಠಿ ಅಥವಾ ಉರ್ದುವಿನಲ್ಲಿ ಬಾಯಿಮಾತಿನಿಂದ ಕೇಳಿ, ಬಂದ ಅಂಕಗಳನ್ನು ಮಾತಿಗೆ ದಾರಿಯಾಗಿ ಮಾತ್ರ ಇಟ್ಟುಕೊಳ್ಳಬೇಕು.

ಕೆಲಸದ ಜಾಗವನ್ನು ಕಣ್ಣಾರೆ ನೋಡುವುದು

ಸಲಹೆಗಾರರ ಬಂಡವಾಳವೆಂದರೆ ತನ್ನ ಸೀಮೆಯ ಕೆಲಸಗಳ ಬಗ್ಗೆ ಇರುವ ಖಚಿತ ತಿಳಿವಳಿಕೆ. ಇದು ಮೊಬೈಲ್ ನೋಡಿದರೆ ಬರುವುದಿಲ್ಲ, ತಿರುಗಾಡಿದರೆ ಬರುತ್ತದೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕೈಗಾರಿಕಾ ಪ್ರದೇಶಗಳಲ್ಲಿ ಫೌಂಡ್ರಿಗಳು, ಯಂತ್ರಭಾಗ ತಯಾರಿಸುವ ಘಟಕಗಳು, ಹೈಡ್ರಾಲಿಕ್ ಉಪಕರಣಗಳ ಕಾರ್ಖಾನೆಗಳು ಇವೆ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ‘ಫೌಂಡ್ರಿಯಲ್ಲಿ ಕೆಲಸವಿದೆ’ ಎಂದು ಹೇಳುವುದು ಏನನ್ನೂ ಹೇಳದಂತೆ. ಮೌಲ್ಡಿಂಗ್ ಬೇರೆ, ಕೋರ್ ಮಾಡುವುದು ಬೇರೆ, ಎರಕ ಹೊಯ್ದು ಆರಿದ ಮೇಲೆ ಅಂಚು ತೆಗೆಯುವ ಫೆಟ್ಲಿಂಗ್ ಬೇರೆ, ಎರಕವನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಅಥವಾ ವಿಎಂಸಿ ಯಂತ್ರದಲ್ಲಿ ಅಳತೆಗೆ ತರುವುದು ಬೇರೆ. 1,400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೊಯ್ಯುವ ಕಬ್ಬಿಣದ ಹತ್ತಿರ ನಿಲ್ಲುವುದಕ್ಕೂ, ಬೆಳಕಿರುವ ಕೋಣೆಯಲ್ಲಿ ಅಳತೆಯ ಉಪಕರಣ ಹಿಡಿದು ತಪಾಸಣೆ ಮಾಡುವುದಕ್ಕೂ ಇರುವ ಅಂತರವನ್ನು ಕಳಿಸುವವರು ಒಮ್ಮೆಯಾದರೂ ಆ ಶಾಖವನ್ನು ಮುಖದ ಮೇಲೆ ಅನುಭವಿಸಿ ಅರಿತಿರಬೇಕು. ಆಗ ಮಾತ್ರ ಹುಡುಗನಿಗೆ ಮೊದಲೇ ಸತ್ಯ ಹೇಳಲು ಬಾಯಿ ಬರುತ್ತದೆ, ಮತ್ತು ಸತ್ಯ ತಿಳಿದು ಹೋದವನು ಮೊದಲ ದಿನವೇ ಹೆದರಿ ಓಡಿ ಬರುವುದಿಲ್ಲ.

ಸಕ್ಕರೆ ಕಾರ್ಖಾನೆಗಳ ಲೆಕ್ಕ ಮತ್ತೊಂದು ಬಗೆಯದು. ಕಬ್ಬು ಅರೆಯುವ ಹಂಗಾಮು ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಆರಂಭವಾಗಿ ಮಾರ್ಚ್‌-ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಹಂಗಾಮಿ ನೌಕರರಿಗೆ ಉಳಿದ ತಿಂಗಳುಗಳಲ್ಲಿ ಏನು ದಾರಿ ಎಂಬುದನ್ನು ಸೇರಿಸಿಯೇ ಮಾತನಾಡಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟ್, ಇಳಕಲ್ಲಿನ ಗ್ರಾನೈಟ್, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳು ಇವೆ. ನೇಕಾರರ ಮನೆಯಿಂದ ಬಂದ ಹುಡುಗನಿಗೆ ‘ಮಗ್ಗ ಬಿಟ್ಟುಬಿಡು’ ಎನ್ನುವುದು ಸುಲಭ. ಅವನ ಕೈಗೂ ಕಣ್ಣಿಗೂ ಇರುವ ಬಣ್ಣ ಮತ್ತು ಎಳೆಯ ಜ್ಞಾನ ವಿನ್ಯಾಸ, ಗುಣಮಟ್ಟ ತಪಾಸಣೆ, ಮಾರಾಟದಂಥ ಕೆಲಸಗಳಲ್ಲಿ ಎಷ್ಟು ಬೆಲೆ ಬಾಳುತ್ತದೆಂದು ತೋರಿಸಿಕೊಡುವುದು ಕಷ್ಟ, ಮತ್ತು ಅದೇ ನಮ್ಮ ಕೆಲಸ. ವಿಜಯಪುರದಲ್ಲಿ ದ್ರಾಕ್ಷಿ ಮತ್ತು ಒಣದ್ರಾಕ್ಷಿ, ಇಂಡಿಯ ನಿಂಬೆ, ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇವೆ. ದೊಡ್ಡ ಸ್ಥಾವರದ ಹೆಸರು ಕೇಳಿ ಬಂದವರಿಗೆ ಕಾಯಂ ನೌಕರಿ ಮತ್ತು ಗುತ್ತಿಗೆದಾರರ ಕೈಕೆಳಗಿನ ಕೆಲಸ ಇವೆರಡರ ವ್ಯತ್ಯಾಸವನ್ನು ಮೊದಲೇ ಬಿಡಿಸಿ ಹೇಳಬೇಕು.

ಹೊಸ ಘಟಕಕ್ಕೆ ಹೋದಾಗ ನಾನು ಪಾಳಿಯ ವೇಳೆ, ಬಸ್ ನಿಲ್ದಾಣದಿಂದ ಇರುವ ದೂರ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಭವಿಷ್ಯ ನಿಧಿ (ಪಿಎಫ್) ಮತ್ತು ನೌಕರರ ಆರೋಗ್ಯ ವಿಮೆ (ಇಎಸ್‌ಐ) ಇವುಗಳನ್ನು ತಪ್ಪದೆ ವಿಚಾರಿಸುತ್ತೇನೆ, ಕೊನೆಗೆ ಈ ಹುದ್ದೆಯಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರೆಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಆಫೀಸಿನಲ್ಲಿ ಸಿಗದ ಉತ್ತರ ಗೇಟಿನೆದುರಿನ ಚಹಾದಂಗಡಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ಸಿಗುತ್ತದೆ. ಅರ್ಧ ತಾಸು ಅಲ್ಲಿ ನಿಂತರೆ ತಿಂಗಳ ಸಂಬಳ ಯಾವ ತಾರೀಖಿಗೆ ಆಗುತ್ತದೆ, ಓವರ್‌ಟೈಮ್ ಕೊಡುತ್ತಾರೋ ಇಲ್ಲವೋ ಎಂಬುದೆಲ್ಲ ಕಿವಿಗೆ ಬೀಳುತ್ತದೆ.

ಸರ್ಕಾರದ ದಾರಿಗಳು, ಅವುಗಳ ಮಿತಿ

ಹಿರಿಯರು ಈಗಲೂ ‘ಎಂಪ್ಲಾಯ್ಮೆಂಟ್ ಕಾರ್ಡ್ ಮಾಡಸೀವ್ರಿ, ಇನ್ನೂ ಕಾಲ್ ಬಂದಿಲ್ಲ’ ಎನ್ನುತ್ತಾರೆ. ಆ ನಂಬಿಕೆ ಎಲ್ಲಿಂದ ಬಂತೆಂದು ತಿಳಿದಿದ್ದರೆ ಸಮಾಧಾನವಾಗಿ ವಿವರಿಸಬಹುದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಸೇನೆಯಿಂದ ಬಿಡುಗಡೆಯಾದವರಿಗೆ ನೆಲೆ ಒದಗಿಸಲು ಉದ್ಯೋಗ ಸೇವೆಯ ನಿರ್ದೇಶನಾಲಯ ಹುಟ್ಟಿತು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯಂಥ ದಂಡಿನ ಊರಿಗೆ ಇದು ದೂರದ ಇತಿಹಾಸವೇನಲ್ಲ. ಮುಂದೆ 1959ರ ಕಾಯ್ದೆ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು, ಆದರೆ ಆ ಕಚೇರಿಯ ಮೂಲಕವೇ ನೇಮಿಸಬೇಕೆಂದು ಹೇಳಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್, ವಿನಿಮಯ ಕಚೇರಿ ಕಳಿಸಿದ ಹೆಸರುಗಳ ಜೊತೆಗೆ ಸಾರ್ವಜನಿಕ ಪ್ರಕಟಣೆಯನ್ನೂ ಕೊಟ್ಟು ಎಲ್ಲರಿಗೂ ಅವಕಾಶ ನೀಡಬೇಕೆಂದಿತು. ಅಂದಿನಿಂದ ಕಾರ್ಡ್ ಮಾಡಿಸಿ ಕಾಯುವ ದಾರಿ ಕಿರಿದಾಗುತ್ತ ಬಂದಿದೆ. ಆ ಹಳೆಯ ಕಾಯ್ದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. 2015ರಲ್ಲಿ ಆರಂಭವಾದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಅಭ್ಯರ್ಥಿಯ ಕೈಯಿಂದಲೇ ಮಾಡಿಸಿ, ಪಾಸ್‌ವರ್ಡನ್ನು ಅವರೇ ಬರೆದಿಟ್ಟುಕೊಳ್ಳುವಂತೆ ನೋಡಿಕೊಳ್ಳಬೇಕು.

ವಿಜಯಪುರದ ಕಡೆಯಿಂದ ಬರುವವರಲ್ಲಿ ಪದೇ ಪದೇ ಕಾಣುವ ಗೊಂದಲವೆಂದರೆ 371ಜೆ. ಸಿಂದಗಿಯ ಹುಡುಗನಿಗೆ ಪಕ್ಕದ ಜೇವರ್ಗಿಯ ಗೆಳೆಯನಿಗೆ ಸಿಗುವ ಸ್ಥಳೀಯ ಮೀಸಲಾತಿ ತನಗೇಕಿಲ್ಲ ಎಂಬ ನೋವು ಸಹಜ. ಸಂವಿಧಾನದ ಆ ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಕಿತ್ತೂರು ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಗೆ ಇಲ್ಲ. ಅರ್ಜಿಯಲ್ಲಿ ತಪ್ಪು ಕಲಂ ತುಂಬಿದರೆ ದಾಖಲೆ ಪರಿಶೀಲನೆಯ ದಿನ ಇಡೀ ಅರ್ಜಿಯೇ ಕೈಬಿಟ್ಟು ಹೋಗಬಹುದಾದ್ದರಿಂದ, ಅರ್ಜಿ ಕಳಿಸುವ ಮುನ್ನ ಈ ಒಂದು ಸಾಲನ್ನು ಬೆರಳಿಟ್ಟು ನೋಡಬೇಕು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ವಿಷಯದಲ್ಲಿ ಸಲಹೆಗಾರರಿಗೆ ಹೆಚ್ಚಿನ ತಾಳ್ಮೆ ಬೇಕು. ವಿಜಯಪುರ ಅಥವಾ ಧಾರವಾಡದಲ್ಲಿ ಕೋಣೆ ಹಿಡಿದು ಪಿಎಸ್ಐ, ಎಫ್‌ಡಿಎ, ಪಿಡಿಒ ಎಂದು ಐದಾರು ವರ್ಷ ಓದಿದವರು ನಮ್ಮೆದುರು ಬಂದಾಗ ಒಳಗೆ ಬಹಳ ದಣಿದಿರುತ್ತಾರೆ. ‘ಓದುವುದು ಬಿಡು’ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಒಂದು ಹಾಳೆಯ ಮೇಲೆ ಅವರ ಹುಟ್ಟಿದ ದಿನ, ತಾವು ಬಯಸುವ ಹುದ್ದೆಯ ಅಧಿಸೂಚನೆಯಲ್ಲಿರುವ ವಯೋಮಿತಿ, ಇಲ್ಲಿಯವರೆಗೆ ಬರೆದ ಪರೀಕ್ಷೆಗಳು, ಪ್ರತಿಯೊಂದರಲ್ಲಿ ಎಷ್ಟು ಅಂಕಕ್ಕೆ ತಪ್ಪಿತು, ತಿಂಗಳಿಗೆ ಮನೆಯಿಂದ ಬರುವ ದುಡ್ಡು, ಇಷ್ಟನ್ನು ಅವರ ಕೈಯಿಂದಲೇ ಬರೆಸುತ್ತೇನೆ. ಅಂತರ ಕಡಿಮೆಯಾಗುತ್ತಿದೆಯೋ ಹಾಗೇ ನಿಂತಿದೆಯೋ ಎಂಬುದು ಆ ಹಾಳೆಯಲ್ಲಿ ಅವರಿಗೇ ಕಾಣುತ್ತದೆ. ಕಡಿಮೆಯಾಗುತ್ತಿದ್ದರೆ ಇನ್ನೆಷ್ಟು ಪ್ರಯತ್ನ ಎಂಬುದನ್ನು ಮನೆಯವರ ಸಮ್ಮುಖದಲ್ಲಿ ನಿಗದಿ ಮಾಡಿಸಿ, ಓದಿನ ಜೊತೆಗೆ ದಿನಕ್ಕೆ ನಾಲ್ಕು ತಾಸಿನ ಒಂದು ಕೆಲಸವನ್ನು ಹುಡುಕಬೇಕು. ಹೊಸದಾಗಿ ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ದೊರೆಯುತ್ತದೆ; ಅರ್ಹತೆ ಇದ್ದವರು ಅದನ್ನು ಕೇಳಲು ನಾಚಬಾರದೆಂದು ಹೇಳುತ್ತೇನೆ. ಸೇನೆ ಸೇರಬೇಕೆಂದು ಬೆಳಗಿನ ಜಾವ ಓಡುವ ಹುಡುಗರಿಗೆ ಅಗ್ನಿವೀರರ ಸೇವೆ ನಾಲ್ಕು ವರ್ಷದ್ದು, ಕಾಯಂ ಆಗುವವರು ಗರಿಷ್ಠ ಶೇ 25 ಎಂಬುದನ್ನು ತಿಳಿಸಿ, ಆ ನಾಲ್ಕು ವರ್ಷದ ನಂತರದ ದಾರಿಯನ್ನು ಈಗಲೇ ಮಾತನಾಡಬೇಕು.

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐ, ಅದರ ನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಭತ್ಯೆ ಸಹಿತ ತರಬೇತಿ, ಇದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ದಾರಿ. ಸ್ವಂತ ಉದ್ಯೋಗ ಬಯಸುವವರನ್ನು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯ (ಆರ್‌ಸೆಟಿ) ತರಬೇತಿಗೆ ಕಳಿಸಿ, ಅಲ್ಲಿಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ (ಪಿಎಂಇಜಿಪಿ) ಸಾಲದ ಅರ್ಜಿಗೆ ಕರೆದೊಯ್ಯಬಹುದು. ಆ ಯೋಜನೆಯಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ 35 ಸಹಾಯಧನವಿದೆ. ಅಂಗವಿಕಲ ಅಭ್ಯರ್ಥಿಗಳಿಗೆ 2016ರ ಕಾಯ್ದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲಾತಿಯಿದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಬೇಕು.

ಹೆಣ್ಣುಮಕ್ಕಳ ಕೆಲಸ ಮತ್ತು ಕೊನೆಯ ಬಸ್ಸು

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ, ಮತ್ತು ಹಳ್ಳಿಯಿಂದ ದಿನವೂ ಪೇಟೆಗೆ ಬಂದು ದುಡಿಯುವ ಲೆಕ್ಕವನ್ನೇ ಇದು ಬದಲಿಸಿದೆ. ಹಿಂದೆ ಸಂಬಳದ ದೊಡ್ಡ ಪಾಲು ಟಿಕೆಟ್ಟಿಗೆ ಹೋಗುತ್ತಿತ್ತು. ಈಗ ಉಳಿದಿರುವ ಪ್ರಶ್ನೆ ದುಡ್ಡಿನದಲ್ಲ, ವೇಳೆಯದು. ಪಾಳಿ ಆರಕ್ಕೆ ಬಿಟ್ಟು, ಊರಿನ ಕೊನೆಯ ಬಸ್ಸು ಆರೂಕಾಲಿಗೆ ಹೋಗುವುದಾದರೆ, ಆ ಕೆಲಸ ಆ ಹೆಣ್ಣುಮಗಳ ಪಾಲಿಗೆ ಇದ್ದೂ ಇಲ್ಲದಂತೆ. ಹೀಗಾಗಿ ನನ್ನ ವಹಿಯಲ್ಲಿ ಒಂದೊಂದು ದಾರಿಯ ಕೊನೆಯ ಬಸ್ಸಿನ ವೇಳೆಯನ್ನು ಬರೆದಿಟ್ಟುಕೊಂಡಿದ್ದೇನೆ. ಹದಿನೈದು ನಿಮಿಷ ಮೊದಲು ಬಿಡಲು ಸಾಧ್ಯವೇ, ಮುಂಜಾನೆ ಹದಿನೈದು ನಿಮಿಷ ಮೊದಲು ಬರುತ್ತಾರೆ ಎಂದು ಕೇಳಿದಾಗ ಒಪ್ಪಿದ ಮಾಲೀಕರು ಹಲವರಿದ್ದಾರೆ. ಯಾರೂ ಕೇಳಿರಲಿಲ್ಲ, ಅಷ್ಟೇ.

ಅಪ್ಪನೋ ಗಂಡನೋ ಒಪ್ಪದಿದ್ದಾಗ ವಾದಕ್ಕಿಳಿಯುವುದಕ್ಕಿಂತ ಅವರನ್ನು ಕೆಲಸದ ಜಾಗಕ್ಕೆ ಒಮ್ಮೆ ಕರೆದೊಯ್ದು, ಅಲ್ಲಿ ದುಡಿಯುವ ಹಿರಿಯ ಅಕ್ಕಂದಿರೊಡನೆ ಮಾತನಾಡಿಸುವುದು ಫಲ ಕೊಡುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯ ಹೆಸರುಗಳಿರುವ ಫಲಕ ಎಲ್ಲಿದೆ ಎಂದು ಸಲಹೆಗಾರರು ಕೇಳಿ ನೋಡಿ ಬರಬೇಕು, ಮತ್ತು ಕಳಿಸುವ ಮುನ್ನ ಆ ಹೆಣ್ಣುಮಗಳಿಗೆ ಅದನ್ನು ತಿಳಿಸಬೇಕು.

ಸಂಬಳದ ಲೆಕ್ಕ ಕಲಿಸುವುದು

ಕೆಲಸ ಸಿಕ್ಕ ಸಂತೋಷದಲ್ಲಿ ಯಾರೂ ನೇಮಕ ಪತ್ರವನ್ನು ಪೂರ್ತಿ ಓದುವುದಿಲ್ಲ. ನಮ್ಮೆದುರು ಕೂರಿಸಿಕೊಂಡು ಓದಿಸಬೇಕು. ಮೂಲ ವೇತನವೇ 15,000 ರೂಪಾಯಿ ಎಂದಿಟ್ಟುಕೊಂಡರೆ ಶೇ 12ರಂತೆ ಪಿಎಫ್‌ಗೆ 1,800, ಶೇ 0.75ರಂತೆ ಇಎಸ್‌ಐಗೆ 113 ರೂಪಾಯಿ ಕಡಿತವಾಗಿ ಕೈಗೆ 13,087 ಬರುತ್ತದೆ. ಮೊದಲ ತಿಂಗಳು ಈ ಅಂತರ ಕಂಡು ‘ಮೋಸ ಮಾಡ್ಯಾರ್ರಿ’ ಎಂದು ಕೆಲಸ ಬಿಟ್ಟವರಿದ್ದಾರೆ. ಕಡಿತವಾದ 1,800ಕ್ಕೆ ಮಾಲೀಕರೂ ಅಷ್ಟೇ ಪಾಲು ಸೇರಿಸುತ್ತಾರೆ, ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವವರಿಗೆ ಇಎಸ್‌ಐನಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಎಂದು ಮೊದಲೇ ಹೇಳಿದ್ದರೆ ಅವರು ನಿಲ್ಲುತ್ತಿದ್ದರು. ಹೇಳದಿದ್ದುದು ನಮ್ಮ ತಪ್ಪು.

ಪುಣೆ, ಬೆಂಗಳೂರಿನ ಸಂಬಳಕ್ಕೂ ಇಲ್ಲಿಯ ಸಂಬಳಕ್ಕೂ ಹೋಲಿಕೆಯನ್ನು ಕಾಗದದ ಮೇಲೆ ಮಾಡಿಸಬೇಕು. ಒಂದು ಊಹೆಯ ಲೆಕ್ಕ ಹೀಗಿರುತ್ತದೆ: ಪುಣೆಯಲ್ಲಿ ಕೈಗೆ 18,000 ಬಂದು, ಕೋಣೆಯ ಪಾಲು 3,500, ಮೆಸ್ಸಿಗೆ 4,000, ಓಡಾಟಕ್ಕೆ 1,500, ಊರಿಗೆ ಬಂದು ಹೋಗಲು 1,000 ತೆಗೆದರೆ ಉಳಿಯುವುದು 8,000. ಬೆಳಗಾವಿಯಲ್ಲಿ ಕೈಗೆ 12,500 ಬಂದು, ಮನೆಯ ರೊಟ್ಟಿ ಕಟ್ಟಿಕೊಂಡು ಹೋಗಿ, ಬಸ್ ಪಾಸಿಗೂ ಚಹಾಕ್ಕೂ 2,000 ಖರ್ಚಾದರೆ ಉಳಿಯುವುದು 10,500. ಹಾಗೆಂದು ಎಲ್ಲರನ್ನೂ ಊರಲ್ಲೇ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಪುಣೆಯಲ್ಲಿ ಎರಡು ವರ್ಷ ದೊಡ್ಡ ಯಂತ್ರಗಳ ಮೇಲೆ ಕಲಿತು ಬಂದವನಿಗೆ ಉದ್ಯಮಬಾಗದಲ್ಲಿ ಸಿಗುವ ಮರ್ಯಾದೆಯೇ ಬೇರೆ. ಹೋಗುವವರು ದುಡ್ಡಿಗಾಗಿ ಹೋಗುತ್ತಿದ್ದಾರೋ ಕಲಿಕೆಗಾಗಿ ಹೋಗುತ್ತಿದ್ದಾರೋ ಎಂಬುದು ಅವರಿಗೆ ಸ್ಪಷ್ಟವಿರಬೇಕು.

ಮೋಸವನ್ನು ಮೊದಲೇ ತಡೆಯುವುದು

ಈ ವಿಷಯದಲ್ಲಿ ನಾನು ಒಮ್ಮೆ ತಡವಾಗಿ ಎಚ್ಚರಗೊಂಡೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಒಂದು ತಿಂಗಳು ಕಾಣಲಿಲ್ಲ. ವಿಚಾರಿಸಿದಾಗ, ಸರ್ಕಾರಿ ಮುದ್ರೆಯಿದ್ದ ಸುಳ್ಳು ನೇಮಕ ಪತ್ರವನ್ನು ನಂಬಿ ಅವನ ಅಪ್ಪ ಎರಡು ಎತ್ತುಗಳನ್ನು ಮಾರಿ ಮಧ್ಯವರ್ತಿಯೊಬ್ಬನಿಗೆ ಹಣ ಕೊಟ್ಟಿದ್ದರು. ಅಂದಿನಿಂದ ಮೊದಲ ಭೇಟಿಯಲ್ಲೇ, ಅದೂ ಮನೆಯ ಹಿರಿಯರ ಎದುರಿನಲ್ಲಿ, ಮೂರು ಮಾತು ಹೇಳುತ್ತೇನೆ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬಾರದು. ಯಾವ ಪತ್ರ ಬಂದರೂ ದುಡ್ಡು ಕೊಡುವ ಮೊದಲು ನನಗೆ ತೋರಿಸಬೇಕು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ತಾಸುಗಳಲ್ಲಿ ಹೆಚ್ಚು. ಕೊಲ್ಲಿ ದೇಶಗಳಿಗೆ ಹೋಗುವವರಿಗೆ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರ ಮೂಲಕವೇ ಹೋಗಬೇಕೆಂದು ತಿಳಿಸಿ, ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನಮ್ಮೆದುರೇ ಪರಿಶೀಲಿಸಬೇಕು. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಕಳಿಸುತ್ತೇನೆ ಎನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಮೋಸ ಹೋದವರೂ, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತವರೂ ಕೆಲವೊಮ್ಮೆ ‘ಇನ್ನ ಇದ್ದು ಏನ್ ಮಾಡೂದೈತ್ರಿ’ ಎಂಬಂಥ ಮಾತು ಆಡುತ್ತಾರೆ. ಅದನ್ನು ಬಾಯಿಮಾತೆಂದು ತಳ್ಳಿಹಾಕಬಾರದು. ಅಂದಿನ ಉಳಿದ ಕೆಲಸ ಬದಿಗಿಟ್ಟು ಜೊತೆಗೆ ಕುಳಿತು, ನೇರವಾಗಿ ಕೇಳಿ, ಮನೆಯವರೊಬ್ಬರನ್ನು ಕರೆಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ನಮ್ಮೆದುರೇ ಕರೆ ಮಾಡಿಸಿ, ಅಗತ್ಯವಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಬೇಕು. ನಾವು ಮನೋವೈದ್ಯರಲ್ಲ, ನಮ್ಮ ಕರ್ತವ್ಯ ಅವರನ್ನು ಅಲ್ಲಿಯವರೆಗೆ ಒಬ್ಬರೇ ಬಿಡದಿರುವುದು.

ಮಾಲೀಕರೊಡನೆ ವ್ಯವಹಾರ, ಮತ್ತು ಒಂದು ವಹಿ

ಬಯೋಡೇಟಾ ಒಂದೇ ಪುಟದಲ್ಲಿರಲಿ, ಬಲ್ಲ ಭಾಷೆಗಳೆಲ್ಲ ಅದರಲ್ಲಿರಲಿ. ಕನ್ನಡ, ಮರಾಠಿ, ಹಿಂದಿ ಮೂರೂ ಬಲ್ಲ ಗಡಿಭಾಗದ ಹುಡುಗಿಗೆ ಅದೊಂದು ಅರ್ಹತೆಯೆಂಬುದು ಗೊತ್ತೇ ಇರುವುದಿಲ್ಲ. ಹುಡುಗರು ಸಿಮ್ ಬದಲಿಸುತ್ತಲೇ ಇರುವುದರಿಂದ ಮನೆಯವರೊಬ್ಬರ ನಂಬರೂ ಇರಲಿ. ಮಾಲೀಕರ ಬಳಿ ‘ಪಾಪ, ಬಡ ಹುಡುಗ, ಹೆಂಗರ ಮಾಡಿ ತಗೋರಿ’ ಎಂದು ಕೇಳಬಾರದು. ಇಬ್ಬರು ಬೇಕೆಂದ ಕಡೆ ಮೂವರನ್ನು ಮಾತ್ರ ಕಳಿಸಿ, ಪ್ರತಿಯೊಬ್ಬರಿಗೂ ಏನು ಬರುತ್ತದೆ, ಏನನ್ನು ಕಲಿಸಬೇಕಾದೀತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಒಮ್ಮೆ ನಮ್ಮ ಮಾತು ನಿಜವೆಂದು ಕಂಡರೆ ಮುಂದಿನ ಸಲ ಖಾಲಿ ಹುದ್ದೆಯ ಸುದ್ದಿ ಫಲಕಕ್ಕೆ ಏರುವ ಮೊದಲೇ ನಮಗೆ ಬರುತ್ತದೆ.

ಪ್ರತಿಯೊಬ್ಬರಿಗೂ ಒಂದು ಪುಟದಂತೆ ವಹಿ ಇಡಬೇಕು. ಅದರಲ್ಲಿ ಜಾತಿ, ಸಾಲ, ಆರೋಗ್ಯದಂಥ ಖಾಸಗಿ ಸಂಗತಿಗಳು ಸೇರುವುದರಿಂದ ಅದು ಬೀಗದೊಳಗಿರಬೇಕು. ಆಧಾರ್ ಪ್ರತಿ, ಅಂಕಪಟ್ಟಿಯ ಫೋಟೊಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಡುವ ರೂಢಿ ನಮ್ಮ ವೃತ್ತಿಯಲ್ಲಿ ಬೆಳೆದಿರುವುದು ನನಗೆ ನೋವಿನ ವಿಷಯ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬರುವ ಮೊದಲೂ ಅದು ತಪ್ಪೇ ಆಗಿತ್ತು. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಯಾರಿಗೂ ಏನನ್ನೂ ಕಳಿಸಬಾರದು.

ಕೆಲಸಕ್ಕೆ ಸೇರಿದ ಮೇಲೆ ನಾನು ಮೂರು ಸಲ ಫೋನ್ ಮಾಡುತ್ತೇನೆ. ಮೊದಲನೆಯದು ಮೂರನೆಯ ದಿನದ ಸಂಜೆ, ಏಕೆಂದರೆ ಬಿಟ್ಟು ಬರುವವರು ಬಹುಮಟ್ಟಿಗೆ ಮೊದಲ ವಾರದಲ್ಲೇ ಮನಸ್ಸು ಮಾಡಿರುತ್ತಾರೆ. ಊಟ ಎಲ್ಲಿ ಮಾಡಿದಿ, ಯಾರ ಪಕ್ಕ ನಿಲ್ಲಿಸಿದ್ದಾರೆ, ಯಾರಾದರೂ ಬೈದರೇ ಎಂಬಷ್ಟು ಕೇಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಎರಡನೆಯದು ಮೊದಲ ಸಂಬಳದ ಮರುದಿನ: ಎಷ್ಟು ಬಂತು, ಸಂಬಳದ ಚೀಟಿ ಕೊಟ್ಟರೇ, ಪಿಎಫ್ ಖಾತೆಯ 12 ಅಂಕಿಯ ಯುಎಎನ್ ಸಂಖ್ಯೆ ಕೈಗೆ ಬಂತೇ. ಮೂರನೆಯದು ಮೂರು ತಿಂಗಳ ಕೊನೆಗೆ. ಆ ಹೊತ್ತಿಗೆ ಪಿಎಫ್ ಪಾಸ್‌ಬುಕ್ ತೆರೆಸಿ, ಕಡಿತವಾದ ಹಣ ನಿಜವಾಗಿ ಜಮೆಯಾಗಿದೆಯೇ ಎಂದು ಅವರ ಮೊಬೈಲಿನಲ್ಲೇ ನೋಡಿಸುತ್ತೇನೆ. ಜಮೆಯಾಗಿಲ್ಲದಿದ್ದರೆ ಮೊದಲು ಮಾಲೀಕರನ್ನು ಕೇಳಿ, ಸರಿಹೋಗದಿದ್ದರೆ ಭವಿಷ್ಯ ನಿಧಿ ಕಚೇರಿಗೆ ದೂರು ಬರೆಯಲು ನೆರವಾಗುತ್ತೇನೆ. ಕೆಲಸ ಬಿಟ್ಟಿದ್ದರೆ ಬೈಯದೆ ಕಾರಣ ಕೇಳಿ, ಅವರ ಮಾತಿನಲ್ಲೇ ಅವರ ಪುಟದಲ್ಲಿ ಬರೆದು, ಅದರ ಸಾರವನ್ನು ಆ ಕಾರ್ಖಾನೆಯ ಪುಟದಲ್ಲೂ ಬರೆಯುತ್ತೇನೆ. ಅದೇ ಗೇಟಿಗೆ ಮುಂದಿನವರನ್ನು ಕಳಿಸುವ ಹಿಂದಿನ ದಿನ ಆ ಪುಟವನ್ನು ತೆಗೆದು ಓದುತ್ತೇನೆ, ಹೋಗುವವರಿಗೂ ಓದಿ ಹೇಳುತ್ತೇನೆ.